ಯಾರೂ ಉಣ್ಣದ ಅಡುಗೆ

ಲುಬ್ಲಿನ್ ಊರಿನ ಈ ಪ್ರಯೋಗಾಲಯದಲ್ಲಿ
ನನ್ನ ಪಾಲಿಗೆ ಬಂದದ್ದು ಅಡುಗೆಮನೆ.
ಇಪ್ಪತ್ತಾರು ವರ್ಷ ಶಾಲೆಯ ಮಕ್ಕಳಿಗೆ ಬಡಿಸಿದ ಹಾಲ್ಷ್ಕಾ
ಈಗ ಯಂತ್ರಕ್ಕೆ ಬಡಿಸುತ್ತೇನೆ.

ಸೋಮವಾರ ಬೀಟ್‌ರೂಟ್ ಸಾರು, ಮೇಲೆ ಸಬ್ಬಸಿಗೆ.
ಮಂಗಳವಾರ ಹುಳಿ ಬರಿಸಿದ ಎಲೆಕೋಸು.
ಹನ್ನೆರಡು ಅಂಗಡಿಯ ಆಲೂಗಡ್ಡೆ ಒಂದೇ ಪಾತ್ರೆಯಲ್ಲಿ ಬೇಯುತ್ತವೆ,
ಒಂದಕ್ಕೊಂದು ಪರಿಚಯವಿಲ್ಲದೆ.
ಬೆಂದದ್ದನ್ನು ರುಬ್ಬಿ, ಡಬ್ಬಿಗೆ ತುಂಬಿ, ಚೀಟಿ ಅಂಟಿಸಿ
ಫ್ರೀಜರಿಗೆ.
ಉಣ್ಣುವವರು ಯಾರೂ ಇಲ್ಲ.

ಮೊದಲ ವಾರ, ಕೈಯ ರೂಢಿ,
ಉಪ್ಪು ನೋಡಲು ಒಂದು ಚಮಚ ಸಾರು ಬಾಯಿಗಿಟ್ಟೆ.
ತಿಮೋನ್ ಗಾಬರಿಯಿಂದ ಓಡಿ ಬಂದ:
"ಅಯ್ಯೋ, ಒಂದು ಚಮಚ ಕಮ್ಮಿ ಬಿತ್ತಲ್ಲ!"
ಗಾಬರಿ ನನ್ನ ಬಗ್ಗೆ ಅಲ್ಲ, ಸಾರಿನ ಬಗ್ಗೆ.

ತೊಳೆಯುವುದಕ್ಕೂ ನಿಯಮವುಂಟು:
ತಣ್ಣೀರು, ಹತ್ತು ಸೆಕೆಂಡು.
ಮನೆಮನೆಗೆ ಹೋಗಿ ಕೇಳಿದ್ದರಂತೆ, ಹೇಗೆ ತೊಳೆಯುತ್ತೀರಿ ಎಂದು.
ನಮ್ಮಲ್ಲಿಗೂ ಬಂದಿದ್ದಳು ಹಿಂದೊಮ್ಮೆ
ಒಬ್ಬ ಹುಡುಗಿ, ಒದ್ದೆ ಬೂಟು, ಕೈಯಲ್ಲಿ ಪ್ರಶ್ನೆಗಳ ಹಾಳೆ.
ಚೆನ್ನಾಗಿ ಉಜ್ಜಿ, ಹತ್ತು ಸೆಕೆಂಡಾದರೂ, ಎಂದಿದ್ದೆ.
ತೋಳಿಗೆ ಒರೆಸಿ ಕಚ್ಚುವ ಮನೆ ನಮ್ಮದು.
ಆ ನನ್ನ ಸುಳ್ಳು
ಈಗ ನನ್ನ ಕೈಯಿಂದಲೇ ನಲ್ಲಿ ತಿರುಗಿಸುತ್ತದೆ.

ಒಂದು ಮಧ್ಯಾಹ್ನ ಇದಾಲಿಯಾ ಲೆಕ್ಕ ಬಿಡಿಸಿ ತೋರಿಸಿದಳು.
ಇಲಿಗೆ ಏನೂ ಆಗದ ಅಳತೆಯನ್ನು ಹಿಡಿ,
ಹತ್ತರಿಂದ ಭಾಗಿಸು, ಇಲಿಗೂ ನಮಗೂ ನಡುವಿನ ದೂರಕ್ಕೆ.
ಇನ್ನೊಮ್ಮೆ ಹತ್ತರಿಂದ,
ನಿನಗೂ ನನಗೂ ನಡುವಿನ ದೂರಕ್ಕೆ.
ಎರಡೂ ದೂರ ಒಂದೇನಾ, ಎಂದೆ.
ಅವಳು ಪೆನ್ನಿನ ತುದಿ ಕಚ್ಚಿದಳು.

"ಇಲ್ಲ" ಅಂತ ಬರೆಯುವುದಿಲ್ಲ ಇವರು,
"ಕಾಣಲಿಲ್ಲ" ಅಂತ ಬರೆಯುತ್ತಾರೆ.
ಕಾಣದ್ದಕ್ಕೂ ಬೆಲೆ ಕಟ್ಟಿ,
ಕಾಣಬಹುದಾದ ಕನಿಷ್ಠದಲ್ಲಿ ಅರ್ಧ ಎಂದು ಹಿಡಿದು
ಕೂಡುತ್ತಾರೆ.
ಗಂಡನ ಕುಡಿತವನ್ನು ನಾನೂ ಹೀಗೇ ಎಣಿಸುತ್ತಿದ್ದೆ:
ಕಂಡದ್ದು ಪೂರ್ತಿ, ಕಾಣದ್ದು ಅರ್ಧ.

ಅತಿಯಾದರೆ ಅಮೃತವೂ ವಿಷ, ಸರಿ.
ಮಿತಿಯಲ್ಲಿದ್ದರೆ ವಿಷ ಏನಾಗುತ್ತದೆ?
ಊಟ ಆಗುತ್ತದೆ, ಎಂದ ತಿಮೋನ್, ನಗದೆ.

ತೋಟದ ತಮ್ಮ ಬೋಗ್ದಾನನನ್ನು ಬೈಯಲಾರೆ.
ವಿಸ್ಟುಲಾ ದಂಡೆಯಲ್ಲಿ ಅವನ ಸೇಬಿನ ಸಾಲು;
ಸಿಂಪಡಿಸಿದ ದಿನ, ಬಿಟ್ಟ ದಿನ, ಗಾಳಿ ಬೀಸಿದ ದಿಕ್ಕು,
ಎಲ್ಲ ನೀಲಿ ಶಾಯಿಯಲ್ಲಿ ಬರೆದಿಡುತ್ತಾನೆ.
ಕಜ್ಜಿ ಹಿಡಿದ ಸೇಬನ್ನು ನೀನು ಕೊಳ್ಳುತ್ತೀಯಾ ಅಕ್ಕಾ, ಎಂದರೆ
ಸುಮ್ಮನಿರುತ್ತೇನೆ. ಸಂತೆಯಲ್ಲಿ ನಾನೂ
ನುಣುಪಾದ್ದನ್ನೇ ಆರಿಸುತ್ತೇನೆ.

ವರದಿ ಬಂತು. "ಸರಾಸರಿ ಮನುಷ್ಯನಿಗೆ ಆತಂಕವಿಲ್ಲ."
ಅವನನ್ನು ಬಲ್ಲೆ, ಆ ಸರಾಸರಿಯವನನ್ನು;
ಎರಡು ವರ್ಷ ಅವನಿಗೇ ಬೇಯಿಸಿದ್ದೇನೆ.
ಎಪ್ಪತ್ತು ಕಿಲೋ. ದಿನಕ್ಕೆ ಅರ್ಧ ಸೇಬು,
ಸಬ್ಬಸಿಗೆ ಒಂದೂವರೆ ಗ್ರಾಂ.
ಒಮ್ಮೆಯಾದರೂ ಚೆನ್ನಾಗಿದೆ ಅನ್ನಲಿಲ್ಲ.
ಮಕ್ಕಳಿಗೆ ಬೇರೆ ಪುಟ. ಅಲ್ಲಿ ಅಂಕಿ ಗೆರೆಯ ಹತ್ತಿರ ಹತ್ತಿರ.
ದಾಟಿಲ್ಲ.
ದಾಟಿಲ್ಲ ಎಂಬುದನ್ನು ಎರಡು ಸಲ ಓದಿದೆ.

ಭಾನುವಾರ ಮೊಮ್ಮಗಳು ಕಲಿನಾ ಬಂದಳು. ಹದಿನಾಲ್ಕು ಕಿಲೋ.
ಬೋಗ್ದಾನ್ ಕಳಿಸಿದ ಪೆಟ್ಟಿಗೆಯಿಂದ ಇದು ಮೂರನೆಯ ಸೇಬು.
ತೊಳೆದೆ, ಹತ್ತು ಸೆಕೆಂಡು, ತುಟಿಯಲ್ಲಿ ಎಣಿಸುತ್ತ,
ಹಳೆಯ ಸುಳ್ಳನ್ನು ತಡವಾಗಿ ನಿಜ ಮಾಡುತ್ತ.
ನಮ್ಮ ಹಾಳೆಯಲ್ಲಿದೆ: ತಿನ್ನದ ಭಾಗ, ಬೀಜದ ಗೂಡು ಮತ್ತು ತೊಟ್ಟು,
ತೆಗೆದು ತೂಗಬೇಕು.
ಅವಳು ಸಿಪ್ಪೆ ತಿಂದಳು, ತಿರುಳು ತಿಂದಳು,
ಗೂಡನ್ನೂ ಕಟಕಟನೆ ಅಗಿದು ನುಂಗಿ
ಕೈ ಚಾಚು ಅಜ್ಜಿ ಎಂದಳು.
ಅಂಗೈಗೆ ತೊಟ್ಟು ಬಂತು.
ಒದ್ದೆಯಾಗಿತ್ತು. ತೂಕವೇ ಇರಲಿಲ್ಲ.